ಕಾಯುವುದೂ ಆರೈಕೆಯೇ?

ನ್ಯೂಜೆರ್ಸಿಯ ಜನವರಿ ರಾತ್ರಿ. ಮೂರು ವರ್ಷದ ಮಗಳು ಕಿವಿ ಹಿಡಿದುಕೊಂಡು ಅಳುತ್ತಿದ್ದಳು. ಹಗಲು ನೋಡಿದ್ದ ಡಾಕ್ಟರು ನೋವಿಗಷ್ಟೇ ಔಷಧಿ ಕೊಟ್ಟು, "ಇಂಥ ಕಿವಿ ಸೋಂಕು ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ. ಎರಡು ದಿನ ನೋಡೋಣ, ಜ್ವರ ಏರಿದರೆ ಕರೆ ಮಾಡಿ" ಎಂದಿದ್ದರು. ಶಿವಮೊಗ್ಗದಿಂದ ಅಮ್ಮ ಫೋನಿನಲ್ಲೇ ಗದರಿದಳು: "ಮಗು ನರಳ್ತಿದೆ, ಆಂಟಿಬಯಾಟಿಕ್ ಕೊಡೋಕೆ ಏನು ದಾಡಿ? ಇಲ್ಲಾಗಿದ್ರೆ ಮೆಡಿಕಲ್ ಶಾಪಿಂದ ಈಗ್ಲೇ ತರ್ತಿದ್ದೆ."

ಅವಳ ಸಿಟ್ಟಿನ ಹಿಂದೆ ಒಂದು ಸಾವಿದೆ. ಅವಳ ತಮ್ಮ ಮಿದುಳು ಜ್ವರದಲ್ಲಿ ಹೋದದ್ದು ಸರಿಯಾದ ಔಷಧಿ ಸಿಗುವ ಮೊದಲೇ. ಅಂಥ ಸೋಂಕಿನಲ್ಲಿ ಒಂದೊಂದು ಗಂಟೆಯೂ ಮುಖ್ಯ; ಬದುಕಿದರೂ ಕಿವಿಯೋ ಬುದ್ಧಿಯೋ ಊನವಾಗಬಹುದು.

ನನ್ನ ಭಯ ಬೇರೆ. ಡೆನ್ಮಾರ್ಕಿನಲ್ಲಿ 1995ರಿಂದ 2012ರವರೆಗೆ ಹುಟ್ಟಿದ ಸುಮಾರು 11 ಲಕ್ಷ ಮಕ್ಕಳ ದಾಖಲೆಗಳ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸೋಂಕಿನಿಂದ ಆಸ್ಪತ್ರೆ ಸೇರಿದ್ದವರಲ್ಲಿ ಮುಂದೆ ಮಾನಸಿಕ ಕಾಯಿಲೆ ಪತ್ತೆಯಾಗುವ ಸಂಭವ ಸುಮಾರು ಶೇ. 84 ಹೆಚ್ಚಿತ್ತು, ಆಂಟಿಬಯಾಟಿಕ್ ಪಡೆದವರಲ್ಲೂ ಹೆಚ್ಚಿತ್ತು. ಆದರೆ ಒಡಹುಟ್ಟಿದವರನ್ನು ಪರಸ್ಪರ ಹೋಲಿಸಿದಾಗ ನಂಟು ಸಡಿಲವಾಯಿತು. ಕಾರಣ ಸೋಂಕೋ, ಔಷಧಿಯೋ, ಮನೆತನದಲ್ಲೇ ಬಂದದ್ದೋ? ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲ. ಆ ಅಂಕಿ ಹಿಡಿದು ಔಷಧಿಗೆ ಹೆದರುವುದೂ ಅಮ್ಮನ ಅವಸರದಷ್ಟೇ ಕುರುಡು.

ಹಾಗಾದರೆ ನೈತಿಕ ಪ್ರಶ್ನೆ ಎಲ್ಲಿದೆ? ಮಾತು ಬಾರದ ಜೀವದ ಪರವಾಗಿ ನಾವು ತೀರ್ಮಾನಿಸುತ್ತೇವೆ. ಆ ಔಷಧಿ ಮಗುವಿನ ಕಾಯಿಲೆಗೋ, ನಮ್ಮ ಕಳವಳಕ್ಕೋ ಎಂದು ಕೇಳಿಕೊಳ್ಳುವುದೇ ಮೊದಲ ಕರ್ತವ್ಯ. ಎರಡನೆಯದು ನೆರೆಯವರ ಮಕ್ಕಳದ್ದು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ, ಸಾಲದಷ್ಟು ಔಷಧಿ ತೆಗೆದುಕೊಂಡರೆ ರೋಗಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ ಎಂದು ಎಚ್ಚರಿಸಿದ್ದರು. ಆಂಟಿಬಯಾಟಿಕ್ ಊರ ಕೆರೆಯಿದ್ದಂತೆ. ಬೇಕಿಲ್ಲದವರೆಲ್ಲ ತೂಬು ತೆಗೆದರೆ ಬೇಕಾದವನ ಗದ್ದೆಗೆ ನೀರಿಲ್ಲ. ಹಾಗೆಂದು ಕೆರೆ ಉಳಿಸಲು ಬಾಯಾರಿದ ಮಗುವಿಗೆ ನೀರು ತಪ್ಪಿಸುವುದು ಧರ್ಮವಲ್ಲ.

ಎರಡನೆಯ ರಾತ್ರಿ ಜ್ವರ ಏರಿತು. ಕರೆ ಮಾಡಿದೆ, ಗುಲಾಬಿ ಬಣ್ಣದ ಸಿರಪ್ ಬಂತು. ಡಾಕ್ಟರು ಹೇಳಿದಷ್ಟು ದಿನವೂ ತಪ್ಪದೆ ಕುಡಿಸಿದೆ. ಮಗಳು ಚೇತರಿಸಿಕೊಂಡಳು.

"ಮೊದಲೇ ಕೊಡಬೇಕಿತ್ತೇನಮ್ಮಾ?" ಎಂದು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಕಾದದ್ದು ತಪ್ಪಲ್ಲ ಕಣೋ. ನೀನು ಪಕ್ಕದಲ್ಲಿ ಎದ್ದು ಕೂತು ಕಾದ್ಯಲ್ಲ. ಮಲಗಿ ನಿದ್ದೆ ಮಾಡಿದ್ರೆ ತಪ್ಪಾಗ್ತಿತ್ತು."