ಬಲ್ಲವನು ಮತ್ತೆ ಕಲಿಯುವುದು

ಬಲ್ಲವನೆಂದು ಹೆಸರಾದ ಮೇಲೆ ಮತ್ತೆ ಶಿಷ್ಯನಾಗುವುದು ವಿನಯವೇ, ಧೈರ್ಯವೇ? ಹುಡುಗರಿಗೆ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಪ್ರಶ್ನೆ ದಿನದಿನದ್ದು.

ಚೀನದ ಸುನ್ ಲುಟಾಂಗ್ (1860–1933) ನೆನಪಾಗುತ್ತಾನೆ. ಷಿಂಗ್‌ಯಿ, ಬಾಗ್ವಾ ಎಂಬ ಎರಡು ಕೈಕಾಳಗದ ವಿದ್ಯೆಗಳಲ್ಲಿ ಆತ ಪ್ರಸಿದ್ಧನಾಗಿದ್ದ. ಐವತ್ತರ ಆಸುಪಾಸಿನಲ್ಲಿ, ಬೀಜಿಂಗಿಗೆ ಬಂದು ಕಾಯಿಲೆ ಬಿದ್ದ ಹಾವ್ ವೈಝೆನ್ ಎಂಬ ತೈಜಿ ಗುರುವಿನ ಆರೈಕೆಗೆ ನಿಂತ. ಗುಣವಾದ ಹಾವ್ ತನ್ನ ವಿದ್ಯೆಯನ್ನು ಕೊಟ್ಟ. ಸುನ್ ಮೊದಲಿನಿಂದ ಕಲಿತ. ಮುಂದೆ ಮೂರನ್ನೂ ಕುರಿತು ಪುಸ್ತಕ ಬರೆದು, ಮೂರರ ತತ್ತ್ವವೂ ಒಂದೇ ಎಂದ.

ಒಂದೇ ಆದರೆ ಮೂರನೆಯದನ್ನು ಕಲಿಯುವ ಕಷ್ಟವೇಕೆ ಎಂದು ನೀವು ಕೇಳಬಹುದು. ಒಂದೇ ಎಂಬ ಮಾತು ಕಲಿತವನ ಬಾಯಲ್ಲಿ ಅನುಭವ, ಕಲಿಯದವನ ಬಾಯಲ್ಲಿ ನೆಪ. ವಿನಯವೆಂದರೆ ತಿಳಿದದ್ದರ ಬಲವನ್ನು ಕೆಲಕಾಲ ಬದಿಗಿಟ್ಟು, ಹೊಸಬರ ಸಾಲಿನಲ್ಲಿ ನಿಂತು ಎಡವಲು ಒಪ್ಪುವುದು. ಎದುರಾಳಿಯ ಮುಂದೆ ನಿಲ್ಲಲು ತೋಳ್ಬಲ ಸಾಕು. ಗಳಿಸಿದ ಹೆಸರನ್ನೇ ಪಣಕ್ಕಿಡಲು ಅದು ಸಾಲದು. ಆದ್ದರಿಂದ ಆ ವಿನಯವನ್ನೇ ನಾನು ಧೈರ್ಯವೆನ್ನುತ್ತೇನೆ. ಅದು ಬತ್ತಿದ ಮೇಷ್ಟರಿಂದ ಹುಡುಗರಿಗೆ ಸಿಗುವುದು ಹಳೆಯ ಟಿಪ್ಪಣಿ ಮಾತ್ರ.