ಕಂಡದ್ದೆಷ್ಟು, ಊಹಿಸಿದ್ದೆಷ್ಟು?



*ಇಂದಿನ ಧಮ್ಮ ಚಿಂತನೆ*

ಬಂಧುಗಳೇ, ಇವತ್ತು ನನ್ನದೇ ಒಂದು ತಪ್ಪು ಹೇಳಿಕೊಂಡು ಶುರು ಮಾಡುತ್ತೇನೆ.

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ವಿಮಾನ, ಮೇಲೆದ್ದ ಸುಮಾರು ಅರ್ಧ ನಿಮಿಷದಲ್ಲೇ ಬಿ.ಜೆ. ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಕಟ್ಟಡಕ್ಕೆ ಬಡಿಯಿತು. ಮಧ್ಯಾಹ್ನದ ಊಟದ ಹೊತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ನೆಲದ ಮೇಲಿದ್ದ 19 ಮಂದಿಯೂ ಸತ್ತರು.

ದೂರದಿಂದ ಮೊಬೈಲಿನಲ್ಲಿ ತೆಗೆದ ವಿಡಿಯೊ ನಮ್ಮ ಹನುಮಸಾಗರದ ಗ್ರೂಪುಗಳಿಗೂ ಬಂತು. ಯಾರೋ ಅದರ ಒಂದು ಚಿತ್ರ ನಿಲ್ಲಿಸಿ, ರೆಕ್ಕೆಗೆ ಕೆಂಪು ಸುತ್ತು ಹಾಕಿ, ‘ಪೈಲಟ್ ಚಕ್ರ ಎತ್ತುವ ಬದಲು ಫ್ಲ್ಯಾಪ್ ಎತ್ತಿಬಿಟ್ಟ, ಇಲ್ಲೇ ಇದೆ ಸಾಕ್ಷಿ’ ಎಂದು ಬರೆದಿದ್ದರು. ನಾನು ಎರಡು ಗ್ರೂಪಿಗೆ ಕಳಿಸಿದೆ. ತರಗತಿಯಲ್ಲೂ ಹೇಳಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಆ ಫೋಟೊದಾಗ ನಿಮಗ ಫ್ಲ್ಯಾಪ್ ಕಾಣಸ್ತದೇನ್ರಿ?” ದೊಡ್ಡದು ಮಾಡಿ ನೋಡಿದೆ. ಬೂದು ಚುಕ್ಕೆಗಳಷ್ಟೇ ಕಂಡವು.

ತಿಂಗಳ ನಂತರ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿ ಬಂತು. ಫ್ಲ್ಯಾಪ್ ಹಿಡಿ ಟೇಕಾಫ್‌ಗೆ ಇರಬೇಕಾದಲ್ಲೇ ಇತ್ತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋಗಿದ್ದವು. ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ್ದು, ನಾನು ಮಾಡಿಲ್ಲ ಎಂದು ಇನ್ನೊಬ್ಬ ಹೇಳಿದ್ದು ಧ್ವನಿಮುದ್ರಣದಲ್ಲಿತ್ತು. ಕಾರಣವನ್ನು ವರದಿ ಹೇಳಲಿಲ್ಲ. ವಾಟ್ಸಾಪ್ ಮಾತ್ರ ಆ ದಿನವೇ ತೀರ್ಪು ಕೊಟ್ಟಿತು. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ!

ಇಂಥ ತೀರ್ಪಿನ ನೋವು ನಮ್ಮ ಕೇರಿಗೆ ಗೊತ್ತಿಲ್ಲದ್ದೇನಲ್ಲ. ನಾನು ಸಣ್ಣವನಿದ್ದಾಗ ಒಬ್ಬರ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕಾಣೆಯಾಯಿತು. ಹಸಿ ನೆಲದಲ್ಲಿ ನಮ್ಮಪ್ಪನ ಹೆಜ್ಜೆ ಮೂಡಿತ್ತು. ಹಿಂದಿನ ದಿನ ಅಲ್ಲೇ ಕೂಲಿ ಮಾಡಿದ್ದ, ಹೆಜ್ಜೆ ಮೂಡದೆ ಇರುತ್ತದೆಯೇ? ಆದರೂ ದಿನವಿಡೀ ಅವನನ್ನು ಚಾವಡಿ ಮುಂದೆ ಬಿಸಿಲಲ್ಲಿ ಕೂರಿಸಿದರು. ಸ್ಟಾರ್ಟರನ್ನು ಆ ಮನೆಯ ಮಗನೇ ರಿಪೇರಿಗೆ ಒಯ್ದಿದ್ದ. ಆಡಿದ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ.

ಹೆಜ್ಜೆ ನಿಜ. ಕಳ್ಳ ಎಂಬುದು ಊಹೆ. ಫೋಟೊ ನಿಜ. ಕೆಂಪು ಸುತ್ತು ಊಹೆ.

ಮಜ್ಝಿಮ ನಿಕಾಯದ ಚಂಕೀ ಸುತ್ತದಲ್ಲಿ ಹದಿನಾರು ವರ್ಷದ ಹುಡುಗನೊಬ್ಬ, ಸತ್ಯವನ್ನು ಕಾಯುವುದು ಹೇಗೆಂದು ಬುದ್ಧರನ್ನು ಕೇಳುತ್ತಾನೆ. ಅವರ ಉತ್ತರದ ಸಾರ ಇಷ್ಟು: ನಂಬಿದ್ದನ್ನು ನನ್ನ ನಂಬಿಕೆ ಎನ್ನು, ಕೇಳಿದ್ದನ್ನು ಕೇಳಿದ್ದು ಎನ್ನು, ತರ್ಕಿಸಿದ್ದನ್ನು ನನ್ನ ತರ್ಕ ಎನ್ನು. ಇದೊಂದೇ ಸತ್ಯ ಎಂಬಲ್ಲಿಗೆ ಹಾರಬೇಡ. ಪಾಲಿಯಲ್ಲಿ ಇದಕ್ಕೆ *ಸಚ್ಚಾನುರಕ್ಖಣ* ಎನ್ನುತ್ತಾರೆ. ಊಹಿಸುವುದು ತಪ್ಪಲ್ಲ, ಊಹೆಗೆ ಸತ್ಯದ ಅಂಗಿ ತೊಡಿಸುವುದು ತಪ್ಪು.

ಕಾಲಾಮರಿಗೆ ಬುದ್ಧರು ಹೇಳಿದ್ದನ್ನು ನಾವು ದೇವರು ಮೈಮೇಲೆ ಬಂತು ಎನ್ನುವವರಿಗೆ ಕೇಳಿಸುತ್ತೇವೆ. ನಮ್ಮ ಮೊಬೈಲಿಗೆ ಕೇಳಿಸುವುದಿಲ್ಲ. ಸುಳ್ಳಾಡುವುದಿಲ್ಲ ಎಂದು ಶೀಲ ಪಡೆದ ಬಾಯಿ ನಮ್ಮದು. ಈಗ ಹೆಬ್ಬೆರಳಿಗೂ ಆ ಶೀಲ ಬೇಕು.

ನಾನು ಆ ಎರಡೂ ಗ್ರೂಪಿಗೆ ‘ಕಳಿಸಿದ್ದು ತಪ್ಪು, ನನಗೆ ಗೊತ್ತಿರಲಿಲ್ಲ’ ಎಂದು ಬರೆದೆ. ತರಗತಿಯಲ್ಲೂ ಆ ಹುಡುಗಿಯ ಎದುರಿಗೇ ಹೇಳಿದೆ. ನಮ್ಮಪ್ಪನಿಗೆ ಯಾರೂ ಹೇಳದೆ ಹೋದ ಮಾತದು.

*ಇಂದಿನ ಅಭ್ಯಾಸ:* ಇವತ್ತು ಬರುವ ಒಂದು ಫಾರ್ವರ್ಡನ್ನಾದರೂ ತಡೆದು ಕೇಳಿಕೊಳ್ಳೋಣ: ಇದರಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಸಾಧು, ಸಾಧು, ಸಾಧು 🙏