ನೋವನ್ನರಿಯದ ಅಂಗವೂ ನಮ್ಮದೇ

ಕಾಯವು ಮನುಷ್ಯನ ಕೈಯೊಳಗಣ ಉಪಕರಣ ಮಾತ್ರವೋ, ಅಥವಾ ಅವನು ಪಾಲಿಸಬೇಕಾದ ಒಂದು ನಿಕ್ಷೇಪವೋ? ಇದು ಪಂಡಿತರ ಚರ್ಚೆಗಷ್ಟೇ ಸಲ್ಲುವ ಪ್ರಶ್ನೆಯೆಂದು ಭಾವಿಸುವವರು ಅಂಗವಿಕಲರ ಕ್ರೀಡಾಂಗಣದತ್ತ ಒಮ್ಮೆ ದೃಷ್ಟಿ ಹಾಯಿಸಬೇಕು. ಅಲ್ಲಿ ಇದು ಜೀವನ್ಮರಣದ ಪ್ರಶ್ನೆಯಾಗಿದೆ.

ಈ ಕ್ರೀಡೆಗಳು ಹುಟ್ಟಿದುದು ಆಸ್ಪತ್ರೆಯಲ್ಲಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ 1944ರಲ್ಲಿ ಬೆನ್ನುಹುರಿ ಘಾಸಿಗೊಂಡವರಿಗಾಗಿ ಒಂದು ಚಿಕಿತ್ಸಾ ಕೇಂದ್ರ ತೆರೆಯಿತು. ಅದರ ಹೊಣೆ ಹೊತ್ತ ವೈದ್ಯ ಲುಡ್ವಿಗ್ ಗುಟ್ಮನ್ನರು, ಹಾಸಿಗೆಯಲ್ಲಿಯೇ ಸವೆದುಹೋಗುವರೆಂದು ಲೋಕವು ಕೈಬಿಟ್ಟಿದ್ದ ರೋಗಿಗಳಿಗೆ ಆಟವನ್ನೇ ಔಷಧವನ್ನಾಗಿ ಕೊಟ್ಟರು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲು ಹಿಡಿದರು. ಆ ಬೀಜವೇ 1960ರಲ್ಲಿ ರೋಮಿನಲ್ಲಿ ಮೊಳೆತು ಇಂದಿನ ಪ್ಯಾರಾಲಿಂಪಿಕ್ ವೃಕ್ಷವಾಗಿದೆ. 2024ರ ಪ್ಯಾರಿಸ್ ಕೂಟದಲ್ಲಿ ನಮ್ಮ ದೇಶದವರು 29 ಪದಕಗಳನ್ನು ಗಳಿಸಿದಾಗ ನಾವೆಲ್ಲರೂ ಹಿಗ್ಗಿದೆವು. ಹಿಗ್ಗಬೇಕಾದುದೇ ಸರಿ.

ಆದರೆ ಔಷಧವಾಗಿ ಬಂದ ಆಟವು ಪಂದ್ಯವಾದಾಗ ಒಂದು ವಿಪರ್ಯಾಸವೂ ಜತೆಗೂಡಿತು. ಬೆನ್ನುಹುರಿಯು ಎದೆಯ ಮೇಲ್ಭಾಗದಲ್ಲಿ ಅಥವಾ ಕೊರಳಿನಲ್ಲಿ ಘಾಸಿಗೊಂಡವರಿಗೆ, ಶ್ರಮಪಡುವಾಗ ಇತರರಿಗೆ ಏರುವಂತೆ ರಕ್ತದೊತ್ತಡವೂ ಹೃದಯದ ವೇಗವೂ ಏರುವುದಿಲ್ಲ. ಆದರೆ ಸಂವೇದನೆಯಿಲ್ಲದ ಕೆಳಭಾಗಕ್ಕೆ ಪೀಡೆಯಾದರೆ ಅಲ್ಲಿನ ರಕ್ತನಾಳಗಳು ಸಂಕೋಚಗೊಂಡು ಒತ್ತಡವು ಒಮ್ಮೆಲೇ ಏರುತ್ತದೆ. ಅದನ್ನು ತಡೆಯಲು ಮಿದುಳು ಕಳುಹುವ ಆಜ್ಞೆಯು ಘಾಸಿಯನ್ನು ದಾಟಿ ಕೆಳಗಿಳಿಯಲಾರದು. ಇದನ್ನರಿತ ಕೆಲವರು ಮೂತ್ರಕೋಶವನ್ನು ತುಂಬಿಸಿಕೊಂಡು, ಕಾಲುಗಳಿಗೆ ಪಟ್ಟಿ ಬಿಗಿದು, ಕೊನೆಗೆ ಕಾಲ್ಬೆರಳನ್ನೇ ಮುರಿದುಕೊಂಡು ಪಂದ್ಯಕ್ಕಿಳಿದರು! ಗಾಲಿಕುರ್ಚಿ ಓಟಗಾರರ ಮೇಲೆ 1990ರ ದಶಕದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಇದರಿಂದ ಅವರ ಸಾಧನೆಯು ಸುಮಾರು ಶೇಕಡಾ 10ರಷ್ಟು ಹೆಚ್ಚಿದುದು ಕಂಡುಬಂತು. ಇದರಿಂದ ಮಿದುಳಿನ ರಕ್ತನಾಳ ಒಡೆದು ಪ್ರಾಣವೇ ಹೋಗಬಹುದಾದ್ದರಿಂದ 1994ರಲ್ಲಿ ಇದನ್ನು ನಿಷೇಧಿಸಲಾಯಿತು. ಆದರೂ 2008ರ ಬೀಜಿಂಗ್ ಕೂಟದ ಕಾಲದಲ್ಲಿ ಆರಂಭವಾದ ಸಮೀಕ್ಷೆಗೆ ಉತ್ತರವಿತ್ತವರಲ್ಲಿ ಸುಮಾರು ಆರರಲ್ಲೊಬ್ಬರು ತಾವು ಹೀಗೆ ಮಾಡಿದ್ದುಂಟೆಂದು ಒಪ್ಪಿಕೊಂಡರು.

ಇವರನ್ನು ಸುಲಭವಾಗಿ ಹಳಿಯಬಾರದು. "ಇತರರಿಗೆ ಸಹಜವಾಗಿ ಒದಗುವ ರಕ್ತದ ವೇಗವನ್ನೇ ನಾನು ಮರಳಿ ಪಡೆದೆ, ಅಪಘಾತವು ಕಸಿದುದನ್ನು ತಿರುಗಿ ಪಡೆಯುವುದು ಅನ್ಯಾಯವೇ?" ಎಂದು ಒಬ್ಬನು ಕೇಳಿದರೆ ಥಟ್ಟನೆ ಉತ್ತರ ಹೇಳಲಾಗದು. ಆದರೆ ವಿಚಾರ ಮಾಡಿ ನೋಡೋಣ. ಸಹಜವಾಗಿ ಏರಿದ ಒತ್ತಡಕ್ಕೆ ಕಡಿವಾಣವುಂಟು. ಹೀಗೆ ಏರಿಸಿದುದಕ್ಕೆ ಅದಿಲ್ಲ. ಅವನು ಮರಳಿ ಪಡೆದುದು ಬಲವನ್ನೇ ಹೊರತು ಹತೋಟಿಯನ್ನಲ್ಲ. ಮೇಲಾಗಿ, ಒಬ್ಬನು ಈ ದಾರಿ ಹಿಡಿದರೆ ಪಕ್ಕದವನು ತನ್ನ ಬೆರಳನ್ನು ಮುರಿದುಕೊಳ್ಳಬೇಕು, ಇಲ್ಲವೇ ಸೋಲನ್ನೊಪ್ಪಬೇಕು. ಒಬ್ಬನ ಸ್ವಾತಂತ್ರ್ಯವು ಮತ್ತೊಬ್ಬನಿಗೆ ನಿರ್ಬಂಧವಾಗುವುದು ಧರ್ಮವೆನಿಸದು.

ಎಲ್ಲಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ನೋವನ್ನರಿಯದ ಕಾಲು ಪರಕೀಯವಾದುದಲ್ಲ. ನನಗೆ ಅರಿವಾಗದೆಂಬ ಕಾರಣದಿಂದ ನನ್ನ ಅಂಗವನ್ನೇ ಘಾತಿಸಬಹುದಾದರೆ, ನನಗೆ ನೋವು ತಟ್ಟದೆಂಬ ಕಾರಣದಿಂದ ನೆರೆಯವನನ್ನು ಘಾತಿಸಲೂ ಬಹುದಷ್ಟೆ? ನಿಷ್ಕರುಣೆಯ ಮೊದಲ ಪಾಠವನ್ನು ಮನುಷ್ಯನು ಹೀಗೆ ತನ್ನ ಮೇಲೆಯೇ ಕಲಿಯುತ್ತಾನೆ.

ದೋಷವು ಕ್ರೀಡಾಳುವಿನದೊಂದೇ ಅಲ್ಲ. ಗೆದ್ದವನನ್ನು ಹೊತ್ತು ಮೆರೆಸಿ, ಸೋತವನ ಹೆಸರನ್ನೂ ಕೇಳದ ನಮ್ಮ ಪಾಲೂ ಅದರಲ್ಲುಂಟು. ವೈದ್ಯನು ಪಂದ್ಯಕ್ಕೆ ಮೊದಲು ರಕ್ತದೊತ್ತಡವನ್ನು ಅಳೆಯಬಲ್ಲನು. ನಮ್ಮ ಆಸೆಯನ್ನು ಅಳೆಯುವ ಉಪಕರಣವು ಅವನಲ್ಲಿಲ್ಲ. ಆದುದರಿಂದ ಕ್ರೀಡಾಂಗಣದಿಂದ ಹಿಂದಿರುಗಿದವನನ್ನು "ಏನು ಗೆದ್ದೆ?" ಎಂದು ಕೇಳುವುದಕ್ಕೆ ಮೊದಲು "ಕ್ಷೇಮವೇ?" ಎಂದು ಕೇಳೋಣ. ಗುಟ್ಮನ್ನರು ತಮ್ಮ ರೋಗಿಗಳ ಕೈಗೆ ಬಿಲ್ಲು ಕೊಟ್ಟುದು ಆ ಕ್ಷೇಮಕ್ಕಾಗಿಯೇ ಅಲ್ಲವೇ?